ಬಿಸಿ ಏರಿದಾಗ ನಿರೋಧಕ ತಳಿಗೂ ರೋಗ ತಗಲುವುದೇಕೆ?

ಪ್ರಶ್ನೆ:
ಬೇರುಗಂಟು ಜಂತುಹುಳುವಿಗೆ ನಿರೋಧಕವೆನ್ನಲಾದ ಟೊಮೆಟೊ ತಳಿಯೊಂದನ್ನು ಹಸಿರುಮನೆಯಲ್ಲಿ ಬೆಳೆಸುತ್ತಿದ್ದೇನೆ. ತಂಪಿನ ತಿಂಗಳುಗಳಲ್ಲಿ ಬೇರುಗಳು ಆರೋಗ್ಯವಾಗಿದ್ದವು. ಬೇಸಿಗೆಯಲ್ಲಿ ಅದೇ ತಳಿಯ ಗಿಡಗಳು ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುವುದನ್ನು ಕಂಡು, ಒಂದನ್ನು ಕಿತ್ತು ತೊಳೆದು ನೋಡಿದಾಗ ಕವಲು ಬೇರುಗಳ ಉದ್ದಕ್ಕೂ ಗಂಟುಗಳಿದ್ದವು. ಬೀಜದ ದೋಷವೇ, ಹುಳುವೇ ಬದಲಾಗಿದೆಯೇ, ಅಥವಾ ಉಷ್ಣಾಂಶವೇ ಕಾರಣವೇ?

ಉತ್ತರ 1:
ಮೊದಲು ಉಷ್ಣಾಂಶವನ್ನೇ ಅನುಮಾನಿಸಬೇಕು. ಟೊಮೆಟೊದ ಇಂಥ ತಳಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಡು ಟೊಮೆಟೊದಿಂದ ತಂದ ಎಂಐ-1 ಎಂಬ ಜೀನ್. ಅದರ ಬಲದಿಂದ, ಹುಳು ಬೇರನ್ನು ಹೊಕ್ಕು ನೆಲೆಯೂರಲು ಯತ್ನಿಸುವ ಜಾಗದ ಜೀವಕೋಶಗಳನ್ನು ಗಿಡವೇ ಸಾಯಿಸಿ, ಹುಳುವಿಗೆ ಆಹಾರ ಸಿಗದಂತೆ ಮಾಡುತ್ತದೆ. ಮಣ್ಣಿನ ಉಷ್ಣಾಂಶ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಪ್ರತಿಕ್ರಿಯೆ ಕೈಕೊಡುತ್ತದೆ.

ತಂಬಾಕಿನಲ್ಲಿ ಮೊಸಾಯಿಕ್ ವೈರಸ್ಸನ್ನು ತಡೆಯುವ ಎನ್ ಎಂಬ ಜೀನ್‌ನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ತಂಪಿನಲ್ಲಿ ಮೊಸಾಯಿಕ್ ವೈರಸ್ ತಗಲಿದ ಎಲೆಯ ಮೇಲೆ ಚಿಕ್ಕ ಒಣ ಚುಕ್ಕೆಗಳಷ್ಟೇ ಮೂಡಿ ಸೋಂಕು ಅಲ್ಲಿಗೇ ನಿಲ್ಲುತ್ತದೆ. 28 ಡಿಗ್ರಿಗಿಂತ ಮೇಲೆ ಚುಕ್ಕೆಗಳೇ ಮೂಡದೆ ವೈರಸ್ ಗಿಡವಿಡೀ ಹರಡುತ್ತದೆ. ಆ ಗಿಡವನ್ನು ಮತ್ತೆ ತಂಪಿಗೆ ತಂದರೆ, ವೈರಸ್ ಇರುವಲ್ಲೆಲ್ಲ ನಿರೋಧಕತೆ ಒಮ್ಮೆಗೇ ಎಚ್ಚೆತ್ತು ಅಂಗಾಂಶಗಳು ಸಾಯುತ್ತವೆ. ಜೀನ್ ಎಲ್ಲಿಗೂ ಹೋಗಿರುವುದಿಲ್ಲ, ಬಿಸಿಯಲ್ಲಿ ಅದರ ಕೆಲಸ ನಿಂತಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ಉತ್ತರ 2:
ಮೇಲಿನ ಮಾತು ಸರಿಯಾದರೂ, ಬಿಸಿ ಎಲ್ಲ ನಿರೋಧಕತೆಯನ್ನೂ ಕುಗ್ಗಿಸುತ್ತದೆ ಎಂದು ಭಾವಿಸಬಾರದು. ಗೋಧಿಯ ಕಾಂಡ ತುಕ್ಕು ರೋಗವನ್ನು ತಡೆಯುವ ಎಸ್‌ಆರ್6 ಜೀನ್ ಸುಮಾರು 20 ಡಿಗ್ರಿಯಲ್ಲಿ ಚೆನ್ನಾಗಿ ಕೆಲಸ ಮಾಡಿ 25 ದಾಟಿದಾಗ ಸೋಲುತ್ತದೆ. ಆದರೆ ಅದೇ ಬೆಳೆಯಲ್ಲಿ ಪಟ್ಟೆ ತುಕ್ಕು ರೋಗವನ್ನು ತಡೆಯುವ ವೈಆರ್36 ಜೀನ್‌ಗೆ 25ರಿಂದ 35 ಡಿಗ್ರಿಯ ಬಿಸಿಯೇ ಬೇಕು. ಭತ್ತದ ದುಂಡಾಣು ಅಂಗಮಾರಿಯ ವಿರುದ್ಧ ಎಕ್ಸ್‌ಎ7 ಜೀನ್ ಕೂಡ ಬಿಸಿಯಲ್ಲೇ ಹೆಚ್ಚು ಪರಿಣಾಮಕಾರಿ.

ಬಿಸಿಯಲ್ಲಿ ನಿರೋಧಕತೆ ಕುಗ್ಗುವುದರ ಒಂದು ಕಾರಣವೂ ತಿಳಿದಿದೆ. ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಸಸ್ಯ ಅರಾಬಿಡಾಪ್ಸಿಸ್‌ನಲ್ಲಿ, ರಕ್ಷಣೆಗೆ ಬೇಕಾದ ಸ್ಯಾಲಿಸಿಲಿಕ್ ಆಮ್ಲದ ತಯಾರಿಯನ್ನು ನಿಯಂತ್ರಿಸುವ ಜೀನ್ ಬಿಸಿಯಲ್ಲಿ ಮಂಕಾಗುತ್ತದೆ ಎಂದೂ, ಅದನ್ನು ಚಾಲನೆಯಲ್ಲಿಟ್ಟರೆ ರಕ್ಷಣೆ ಮರಳುತ್ತದೆ ಎಂದೂ 2022ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಟೊಮೆಟೊದ ಬೇರಿಗೂ ಇದು ಹಾಗೆಯೇ ಅನ್ವಯಿಸುತ್ತದೆ ಎಂದು ಹೇಳಲಾಗದು.

ಪ್ರಶ್ನೆ ಕೇಳಿದವರು:
ನಾನು ಗಾಳಿಯ ಉಷ್ಣಾಂಶವನ್ನಷ್ಟೇ ಅಳೆಯುತ್ತಿದ್ದೆ. ಹುಳುವೇ ಬದಲಾಗಿರುವ ಸಾಧ್ಯತೆಯನ್ನು ಹೇಗೆ ಪರೀಕ್ಷಿಸುವುದು?

ಉತ್ತರ 1:
ಹುಳುವಿರುವ ಅದೇ ಮಣ್ಣನ್ನು ಕುಂಡಗಳಿಗೆ ತುಂಬಿ, ಈ ತಳಿಯನ್ನೂ ನಿರೋಧಕತೆ ಇಲ್ಲದ ತಳಿಯೊಂದನ್ನೂ ಜೊತೆಯಲ್ಲಿ ನೆಡಿರಿ. ಒಂದು ಗುಂಪಿನ ಮಣ್ಣು 25 ಡಿಗ್ರಿಯ ಒಳಗಿರಲಿ, ಇನ್ನೊಂದರದು 30 ದಾಟಿರಲಿ. ಮರಿಹುಳು ಬೇರು ಹೊಕ್ಕ ಮೊದಲ ಎರಡು ಮೂರು ದಿನಗಳ ಉಷ್ಣಾಂಶವೇ ಹೆಚ್ಚು ನಿರ್ಣಾಯಕ. ಆದ್ದರಿಂದ ನೆಟ್ಟ ದಿನದಿಂದಲೇ ಅಳತೆಯ ಮೇಲೆ ನಿಗಾ ಇರಬೇಕು. ಆರೇಳು ವಾರಗಳ ನಂತರ ಬೇರು ತೊಳೆದು ನೋಡಿ. ನಿರೋಧಕ ತಳಿಗೆ ಬಿಸಿಯಲ್ಲಿ ಮಾತ್ರ ಗಂಟುಗಳಿದ್ದರೆ ಕಾರಣ ಉಷ್ಣಾಂಶ. ತಂಪಿನಲ್ಲೂ ಇದ್ದರೆ ಜೀನ್‌ ಅನ್ನು ಮೀರಿದ ಹುಳುವೋ ಬೀಜದ ದೋಷವೋ ಇರಬೇಕು. ಆಗ ಬೇರೆ ಮೂಲದ ನಿರೋಧಕ ಬೀಜವನ್ನು ಅದೇ ಮಣ್ಣಿನಲ್ಲಿ ನೆಟ್ಟು ಹೋಲಿಸಬೇಕಾಗುತ್ತದೆ.