ನಾಡದೋಣಿಯ ದುಡಿಮೆ: ಪಾಲಿನ ಲೆಕ್ಕ ಮತ್ತು ಮಳೆಗಾಲದ ಆದಾಯ

ಪ್ರಶ್ನೆ: ಉಡುಪಿ ಕರಾವಳಿಯ ನಾಡದೋಣಿಗಳಲ್ಲಿ ದುಡಿಯುವವರ ಆದಾಯ ಹೇಗೆ ನಿರ್ಧಾರವಾಗುತ್ತದೆ? ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಅವರು ಹೇಗೆ ಜೀವನ ಸಾಗಿಸುತ್ತಾರೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಇಲ್ಲಿ ನಿಗದಿತ ಸಂಬಳಕ್ಕಿಂತ ಪಾಲಿನ ಪದ್ಧತಿಯೇ ಹೆಚ್ಚು. ಮೀನು ಮಾರಿ ಬಂದ ಹಣದಲ್ಲಿ ಸೀಮೆಎಣ್ಣೆ, ಮಂಜುಗಡ್ಡೆ ಮುಂತಾದ ಖರ್ಚುಗಳನ್ನು ಕಳೆದು, ಉಳಿದುದರಲ್ಲಿ ದೋಣಿ ಮತ್ತು ಬಲೆಯ ಪಾಲನ್ನು ಮಾಲೀಕರಿಗೆ ತೆಗೆದಿಟ್ಟ ನಂತರವೇ ದುಡಿದವರಿಗೆ ಹಂಚಲಾಗುತ್ತದೆ. ಈ ಪ್ರಮಾಣ ಊರಿಂದ ಊರಿಗೆ ಬೇರೆ. ಬೂತಾಯಿ, ಬಂಗುಡೆ ಹೇರಳವಾಗಿ ಸಿಕ್ಕ ದಿನ ದರ ಕುಸಿಯುವುದರಿಂದ, ಬಲೆ ತುಂಬಿದರೂ ಕೈಗೆ ಬರುವ ಹಣ ಹೆಚ್ಚುವುದಿಲ್ಲ.

ಉತ್ತರ 2: ನಿಷೇಧವಿರುವುದು ಯಾಂತ್ರಿಕ ದೋಣಿಗಳಿಗೆ, 10 ಅಶ್ವಶಕ್ತಿಯವರೆಗಿನ ಯಂತ್ರವುಳ್ಳ ಸಾಂಪ್ರದಾಯಿಕ ನಾಡದೋಣಿಗಳಿಗೆ ವಿನಾಯಿತಿಯಿದೆ. ಬಲೆ ಎಳೆಯುತ್ತಾ ಸಾಗುವ ಯಾಂತ್ರಿಕ ಟ್ರಾಲ್ ಬೋಟುಗಳು ನಿಷೇಧದಿಂದಾಗಿ ದಡದಲ್ಲಿರುವಾಗ ಸಿಗಡಿಗೆ ಒಳ್ಳೆಯ ದರ ಸಿಗುತ್ತದೆಯಾದರೂ, ಕಡಲು ಪ್ರಕ್ಷುಬ್ಧವಾಗಿರುವ ದಿನಗಳಲ್ಲಿ ದೋಣಿ ಇಳಿಸುವುದು ಜೀವಕ್ಕೇ ಅಪಾಯ. ಮೀನುಗಾರರ ವಂತಿಗೆಗೆ ಸರ್ಕಾರದ ಪಾಲು ಸೇರಿಸಿ ಕೊಡುವ ಉಳಿತಾಯ ಮತ್ತು ಪರಿಹಾರ ಯೋಜನೆಯೂ ಇದೆ. ಆದರೆ ಆ ಮೊತ್ತ ಎರಡು ತಿಂಗಳ ಮನೆಖರ್ಚಿಗೆ ಸಾಲದೆಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ 3: ಮಹಿಳೆಯರ ದುಡಿಮೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದೋಣಿ ಇಳಿಯದ ದಿನಗಳಲ್ಲಿ ಅನೇಕ ಮನೆಗಳು ನಡೆಯುವುದು ಅವರು ಬೇಸಿಗೆಯಲ್ಲೇ ಒಣಗಿಸಿಟ್ಟ ಮೀನಿನ ಮಾರಾಟದಿಂದ.