ಹಳೇ ಪದ್ಮಿನಿ ಕಾರಿನ ಅಡಿಭಾಗ ಕ್ಲೀನ್ ಮಾಡಿದವರು ನಿಮ್ಮ ಅನುಭವ ಹೇಳಿ

ಹಾಸನದ ಹುಡುಗ: ಅಪ್ಪನ 1978ರ ಪ್ರೀಮಿಯರ್ ಪದ್ಮಿನಿ. ಕಂಪನಿ ಬಣ್ಣ ಹಾಗೇ ಇದೆ. ಅಡಿಯಲ್ಲಿ ಬೆರಳು ದಪ್ಪ ಜಿಡ್ಡು, ಕೆಮ್ಮಣ್ಣು. ಮೂಲ ಬಣ್ಣ ಕೆಡದ ಹಾಗೆ ತೆಗೆಯುವುದು ಹೇಗೆ?

ಕುಡ್ಲದವ: ಪ್ರೆಶರ್ ವಾಶ್‌ಗೆ ಮಾತ್ರ ಕೊಡಬೇಡಿ. ನನ್ನ 82ರ ಫಿಯಟ್‌ಗೆ ಹುಡುಗ ಒಂದು ಗೇಣು ದೂರದಿಂದ ನೀರು ಹೊಡೆದ. ಡಿಕ್ಕಿ ಕೆಳಗಿನ ಕಪ್ಪು ಕೋಟಿಂಗ್ ಹಪ್ಪಳದ ಹಾಗೆ ಎದ್ದು ಬಂತು. ತೊಳೆಸಿದ್ದಕ್ಕೆ 600 ರೂಪಾಯಿ. ಒಂದೇ ಮಳೆಗಾಲಕ್ಕೆ ಅಲ್ಲೆಲ್ಲ ತುಕ್ಕು. ಟಿಂಕರಿಂಗ್‌ಗೆ 11,500, ಪೇಂಟ್‌ಗೆ 4,200. ಬಿಲ್ ಇನ್ನೂ ಇಟ್ಟಿದ್ದೇನೆ. ಹೋದ ಕೋಟಿಂಗ್ ವಾಪಸ್ ಬರುತ್ತಾ?

ಶಿವಮೊಗ್ಗ ಗ್ಯಾರೇಜು: ನಾನು ಯಾರ ಕೈಗೂ ಕೊಡಲಿಲ್ಲ. ಸೀಮೆಎಣ್ಣೆ, ಹಳೇ ಪೇಂಟ್ ಬ್ರಶ್, ಬಿದಿರಿನ ಚಕ್ಕೆ. 17 ಭಾನುವಾರ ಹಿಡಿಯಿತು. ಡಿಫರೆನ್ಶಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರ್ ಡಬ್ಬ) ಹತ್ತಿರ ಜಿಡ್ಡು ಒರೆಸಿದಾಗ ಬೋಲ್ಟ್ ತಲೆ ಮೇಲೆ ಹಳದಿ ಬಣ್ಣದ ಸಣ್ಣ ಗೆರೆ ಕಂಡಿತು. ಫ್ಯಾಕ್ಟರಿಯಲ್ಲಿ ಯಾರೋ ಬಿಗಿ ಮಾಡಿ ಗುರುತು ಹಾಕಿದ್ದಿರಬೇಕು. ಅರ್ಧ ಗಂಟೆ ಹಾಗೇ ಮಲಗಿ ನೋಡಿದೆ.

ಬೆಂಗಳೂರು 1100: ಸೀಮೆಎಣ್ಣೆ ಬ್ರೇಕ್ ಹೋಸ್, ಬುಶ್ ರಬ್ಬರ್ ಎಲ್ಲ ಊದಿಸುತ್ತೆ. ಹೊಸಬರಿಗೆ ಇದನ್ನು ಹೇಳಬೇಡಿ. ನಾನು ಡ್ರೈ ಐಸ್, ಅಂದರೆ ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್ ಹೊಡೆಸಿದೆ. ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಐಸು, ಬಡಿದ ತಕ್ಷಣ ಗ್ಯಾಸ್ ಆಗಿ ಹೋಗುತ್ತೆ. ನೀರಿಲ್ಲ, ಮರಳಿಲ್ಲ. 46,000 ಆಯ್ತು. ಮೊದಲೇ ಸಡಿಲ ಇದ್ದ ಬಣ್ಣ ಎರಡು ಕಡೆ ಉದುರಿತು, ನಿಜ. ಆದರೂ ಮತ್ತೆ ಮಾಡಿಸುತ್ತೇನೆ.

ಶಿವಮೊಗ್ಗ ಗ್ಯಾರೇಜು: ಹೋಸ್‌ಗೆಲ್ಲ ಪ್ಲಾಸ್ಟಿಕ್ ಸುತ್ತಿಯೇ ಕೆಲಸ ಮಾಡಿದ್ದು. ಕೇಳದೆ ತಪ್ಪು ಹೊರಿಸಬೇಡಿ. 46,000 ಕೊಟ್ಟೂ ಬಣ್ಣ ಉದುರಿದ್ದು ನಿಮ್ಮದು, ನನ್ನದಲ್ಲ.

ಉಡುಪಿ ಅಜ್ಜನ ಕಾರು: ಇಬ್ಬರೂ ಸ್ವಲ್ಪ ನಿಲ್ಲಿಸಿ. ನಮ್ಮಜ್ಜ ಪ್ರತಿ ವರ್ಷ ಮಳೆಗಾಲದ ಮುಂಚೆ ಡೀಸೆಲ್‌ಗೆ ಹಳೇ ಇಂಜಿನ್ ಆಯಿಲ್ ಬೆರೆಸಿ ಕಾರಿನ ಅಡಿಭಾಗಕ್ಕೆ ಹೊಡೆಸುತ್ತಿದ್ದರು. ಕಡಲ ಗಾಳಿಯಲ್ಲಿ 40 ವರ್ಷ ಫ್ಲೋರ್ ತೂತಾಗದೆ ಉಳಿದದ್ದು ಆ ಜಿಡ್ಡಿನಿಂದಲೇ. ನಾನು ಚಂದ ಕಾಣಲಿ ಅಂತ ಪೂರ್ತಿ ತೆಗೆಸಿದೆ, ಮೇಲೆ ಏನೂ ಬಳಿಯಲಿಲ್ಲ. ಎರಡನೇ ವರ್ಷಕ್ಕೇ ಜ್ಯಾಕ್ ಕೊಡುವ ಜಾಗ ಪುಡಿಪುಡಿ. ಈಗಲೂ ಹೊಟ್ಟೆ ಉರಿಯುತ್ತೆ.

ಬೆಂಗಳೂರು 1100: ಹುಡುಗ ಕೇಳಿದ್ದು ಮೂಲ ಬಣ್ಣ ಉಳಿಸೋದು. ಸುಟ್ಟ ಆಯಿಲ್ ಬಳಿದದ್ದು ಒರಿಜಿನಲ್ ಹೇಗಾಗುತ್ತೆ? ಅದು ಕಂಪನಿ ಹಾಕಿದ್ದಲ್ಲ. ಇನ್ನೊಂದು, ಮೇಲೆ ಕುಡ್ಲದವರು 82ರ ಗಾಡಿಗೆ ಫಿಯಟ್ ಅಂದಿದ್ದಾರೆ. 1974ರಿಂದಲೇ ಹೆಸರು ಪದ್ಮಿನಿ.

ಕುಡ್ಲದವ: ನಮ್ಮನೆಯಲ್ಲಿ ಅದು ಅಂದೂ ಫಿಯಟ್, ಇಂದೂ ಫಿಯಟ್.

ಹಾಸನದ ಹುಡುಗ: ಹಾಗಾದ್ರೆ ಬಿದಿರಿನ ಚಕ್ಕೆ ಎಷ್ಟು ಅಗಲ ಇರಬೇಕು ಅಣ್ಣ?