ಮರಳುಗಲ್ಲಿನ ಕೋರ್‌ಗೆ ಸಿಓ2 ಹಾಯಿಸಿದರೆ ಒತ್ತಡ ಏರುತ್ತಲೇ ಇದೆ: ಉಪ್ಪೋ, ಜೇಡಿಯೋ?

ಪ್ರಶ್ನೆ
ಕೋರ್ (ಕಲ್ಲಿನಿಂದ ಕೊರೆದ ಉರುಳೆ) 38 ಮಿ.ಮೀ. ವ್ಯಾಸ, 76 ಮಿ.ಮೀ. ಉದ್ದ, ಪೊರಾಸಿಟಿ (ಕಲ್ಲಿನಲ್ಲಿ ರಂಧ್ರಗಳ ಪಾಲು) 20%. ಒಳಗೆ ತೂಕದಲ್ಲಿ 15% ಉಪ್ಪಿನ ನೀರು. 50 ಡಿಗ್ರಿ ಸೆ., 10 ಮೆಗಾಪಾಸ್ಕಲ್. ಪಂಪಿನಿಂದ ಒಣ ಸಿಓ2, ನಿಮಿಷಕ್ಕೆ 1 ಮಿ.ಲೀ. ಎರಡು ತುದಿಗಳ ನಡುವಿನ ಒತ್ತಡದ ವ್ಯತ್ಯಾಸ ಮೊದಲು ಇಳಿದು, ಆಮೇಲೆ ಏರತೊಡಗಿತು. ಪರ್ಮಿಯಬಿಲಿಟಿ (ದ್ರವ, ಅನಿಲವನ್ನು ಹಾಯಗೊಡುವ ಗುಣ) ಅರ್ಧಕ್ಕೂ ಕೆಳಗೆ ಬಂದಿದೆ. ಕಾರಣ ಏನು?

ಉತ್ತರ 1
ಬಹುಮಟ್ಟಿಗೆ ಉಪ್ಪು. ಒಣ ಸಿಓ2 ನೀರನ್ನು ಹೀರುತ್ತದೆ. ಉಳಿದ ದ್ರಾವಣದಲ್ಲಿ ಉಪ್ಪು ಸುಮಾರು 26% ದಾಟಿದರೆ ಹರಳು ಕಟ್ಟುತ್ತದೆ.

ಆದರೆ ಲೆಕ್ಕ ಹಾಕಿ ನೋಡಿ. ರಂಧ್ರಗಳ ಒಟ್ಟು ಗಾತ್ರ ಸುಮಾರು 17 ಮಿ.ಲೀ., ಅದರಲ್ಲಿರುವ ಉಪ್ಪು 2.8 ಗ್ರಾಂ, ಅಂದರೆ 1.3 ಘನ ಸೆಂ.ಮೀ. ಎಲ್ಲವೂ ಒಳಗೇ ಉಳಿದು ಸಮನಾಗಿ ಹರಡಿದರೂ ತುಂಬುವುದು 8 ಶೇಕಡಾದೊಳಗೆ. ಅಷ್ಟಕ್ಕೇ ಪರ್ಮಿಯಬಿಲಿಟಿ ಅರ್ಧವಾಗುವುದು ಕಷ್ಟ. ಉಪ್ಪು ಒಂದೇ ಕಡೆ ಗುಡ್ಡೆ ಬಿದ್ದಿರಬೇಕು. ಒಳಹರಿವಿನ ತುದಿ ಒಣಗಿದಂತೆ ಕೇಶಾಕರ್ಷಣೆ ಹಿಂದಿನ ಉಪ್ಪುನೀರನ್ನು ಅತ್ತಲೇ ಎಳೆದು ತರುತ್ತದೆ. ಹರಿವು ನಿಧಾನವಾದಷ್ಟೂ ಈ ಎಳೆತ ಗೆಲ್ಲುತ್ತದೆ.

ಉತ್ತರ 2
ಅದಕ್ಕೂ ಮೊದಲು ನಿಮ್ಮ ಅಂಕಿಗಳನ್ನೇ ಸರಿಪಡಿಸಿ. ಪಂಪು 25 ಡಿಗ್ರಿಯಲ್ಲಿದ್ದರೆ ಅಲ್ಲಿ ಸಿಓ2 ಸಾಂದ್ರತೆ ಘನ ಮೀಟರಿಗೆ ಸುಮಾರು 820 ಕೆ.ಜಿ.; 50 ಡಿಗ್ರಿಯ ಕೋರ್‌ನಲ್ಲಿ 385ರ ಆಸುಪಾಸು. ಪಂಪಿನ 1 ಮಿ.ಲೀ. ಅಲ್ಲಿ 2.1 ಮಿ.ಲೀ. ಆಗಿರುತ್ತದೆ. ಈ ತಿದ್ದುಪಡಿ ಬಿಟ್ಟರೆ ಹರಿವು, ಒತ್ತಡಗಳಿಂದ ಪರ್ಮಿಯಬಿಲಿಟಿ ಲೆಕ್ಕಿಸುವ ಡಾರ್ಸಿ ಸೂತ್ರದಿಂದ ಬರುವುದು ನಿಜದ ಅರ್ಧ.

ಕೋರ್ ಸುತ್ತಲಿನ ರಬ್ಬರ್ ತೋಳಿನ ಮೂಲಕವೂ ಸಿಓ2 ಸೋರುತ್ತದೆ. ಕೋರ್‌ಗೆ ಮೊದಲು ಟೆಫ್ಲಾನ್, ಮೇಲೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಕೊನೆಗೆ ಒತ್ತಡವನ್ನು ನಿಧಾನವಾಗಿ ಇಳಿಸಿ, ಇಲ್ಲವಾದರೆ ಓ-ರಿಂಗ್ (ರಬ್ಬರ್ ಸೀಲು) ಒಳಗಿನಿಂದಲೇ ಗುಳ್ಳೆಯೆದ್ದು ಸೀಳುತ್ತದೆ.

ಪ್ರಶ್ನೆ ಕೇಳಿದವರು
ಹರಿವಿನ ದರ ತಿದ್ದಿದೆ, ಏರಿಕೆ ಹಾಗೇ ಇದೆ. ಸಿಹಿನೀರು ಹಾಯಿಸಿ ತೊಳೆದರೆ ಉಪ್ಪು ಹೌದೋ ಅಲ್ಲವೋ ತಿಳಿಯುವುದಿಲ್ಲವೇ?

ಉತ್ತರ 3
ಬೇಡ. ಸಿಹಿನೀರು ಕಲ್ಲಿನೊಳಗಿನ ಕೆಯೊಲಿನೈಟ್ ಎಂಬ ಜೇಡಿಯ ಕಣಗಳನ್ನು ಸಡಿಲಿಸುತ್ತದೆ; ಇಲ್ಲದಿದ್ದ ಜೇಡಿ ಸಮಸ್ಯೆಯನ್ನು ನೀವೇ ತಂದುಕೊಂಡಂತೆ. ಮೊದಲು ಹರಿವಿನ ದಿಕ್ಕು ತಿರುಗಿಸಿ. ಕಣಗಳಾದರೆ ಒತ್ತಡ ತುಸು ಹೊತ್ತು ಇಳಿದು ಮತ್ತೆ ಏರುತ್ತದೆ, ಉಪ್ಪಾದರೆ ಹೆಚ್ಚೇನೂ ಬದಲಾಗದು. ತೊಳೆಯಲೇಬೇಕಿದ್ದರೆ 2% ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಬಳಸಿ.

ನಿಮಗೆ ಬೇಕಿರುವುದು ರಿಲೇಟಿವ್ ಪರ್ಮಿಯಬಿಲಿಟಿ (ಉಪ್ಪುನೀರು, ಸಿಓ2 ಎರಡೂ ಇರುವಾಗ ಒಂದೊಂದೂ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದು) ಮಾತ್ರವಾದರೆ, ಸಿಓ2ವನ್ನು ಅದೇ ಉಪ್ಪುನೀರಿನ ಜತೆ ಅದೇ ಒತ್ತಡ, ತಾಪದಲ್ಲಿ ಕಲಕಿ ತೇವಗೊಳಿಸಿಯೇ ಕಳಿಸಿ. ನಡುವಿನ ಕೊಳವೆಯೂ 50 ಡಿಗ್ರಿಯಲ್ಲಿರಲಿ. ಸಿಓ2ವನ್ನು ನೆಲದಡಿಗೆ ಇಳಿಸುವ ಬಾವಿಯ ಬುಡದ ಸ್ಥಿತಿ ತಿಳಿಯಬೇಕಾದರೆ ಒಣ ಸಿಓ2ವೇ ಸರಿ.

ಏರಿಕೆಯೆಲ್ಲ ಉಪ್ಪಿನದೇ ಅನ್ನುವಂತೆಯೂ ಇಲ್ಲ. ನಾರ್ವೆಯ ಸ್ನೋಹ್ವಿಟ್‌ನಲ್ಲಿ 2008ರಲ್ಲಿ ನೆಲದಡಿಗೆ ಸಿಓ2 ತುಂಬಲು ಶುರುವಾದಾಗ ಬಾವಿಯ ಬಳಿ ಕಟ್ಟಿದ ಉಪ್ಪು ಗ್ಲೈಕಾಲ್ ಮಿಶ್ರಣಕ್ಕೆ ಕರಗಿತು. ಆದರೂ ಒತ್ತಡ ಏರಿತು: ಸುತ್ತಲಿನ ಮರಳುಗಲ್ಲಿನಲ್ಲೇ ಹರಿವಿಗೆ ತಡೆಗಳಿದ್ದವು. 2011ರಲ್ಲಿ ಬೇರೆ ಪದರಕ್ಕೆ ಬದಲಾಯಿಸಬೇಕಾಯಿತು.

ಪ್ರಯೋಗ ಮುಗಿದ ಮೇಲೆ ಒಳಹರಿವಿನ ತುದಿಯಿಂದ 5 ಮಿ.ಮೀ. ಬಿಲ್ಲೆಗಳನ್ನು ನೀರು ಹಾಕದೆ ಒಣಗರಗಸದಲ್ಲಿ ಕತ್ತರಿಸಿ, ಒಂದೊಂದನ್ನೂ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ ಕ್ಲೋರೈಡ್ ಅಳೆಯಿರಿ.